ಗುರಿಗೆ ಬಾಕಿ 48 ಕಿ.ಮೀ.: ಧ್ರುವಯಾನದ ಕೊನೆಯ ಹಂತವೇ ಕಠಿಣವೇಕೆ?

ಎಪ್ಪತ್ತೊಂದು ದಿನ ಏಕಾಂಗಿಯಾಗಿ ಹಿಮದ ಮೇಲೆ ಸಾಗಿ, ಸುಮಾರು 1,469 ಕಿ.ಮೀ. ಕ್ರಮಿಸಿದ್ದ ಬ್ರಿಟನ್ನಿನ ನಿವೃತ್ತ ಸೇನಾಧಿಕಾರಿ ಹೆನ್ರಿ ವರ್ಸ್ಲಿ ಅವರಿಗೆ ಉಳಿದಿದ್ದುದು ಕೇವಲ 48 ಕಿ.ಮೀ. ಆದರೆ ಗುಡಾರದಿಂದ ಮೇಲೇಳಲೂ ಆಗದ ಸ್ಥಿತಿಯಲ್ಲಿ ಅವರು ಉಪಗ್ರಹ ದೂರವಾಣಿಯ ಮೂಲಕ ನೆರವು ಕೋರಬೇಕಾಯಿತು. ವಿಮಾನದಲ್ಲಿ ಅವರನ್ನು ಕರೆತರಲಾಯಿತಾದರೂ, 2016ರ ಜನವರಿ 24ರಂದು ಚಿಲಿಯ ಪುಂಟಾ ಅರೆನಾಸ್‌ನ ಆಸ್ಪತ್ರೆಯಲ್ಲಿ ನಿಧನರಾದರು. ಉದರದ ಒಳಪೊರೆಗೆ ತಗುಲಿದ್ದ ಸೋಂಕು ಅವರನ್ನು ಬಲಿ ತೆಗೆದುಕೊಂಡಿತ್ತು. ಆಗ ಅವರ ವಯಸ್ಸು 55.

ಅಂಟಾರ್ಕ್ಟಿಕಾವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಯಾರ ನೆರವೂ ಇಲ್ಲದೆ ಸ್ಕೀ ಮೂಲಕ ದಾಟುವುದು ಅವರ ಸಂಕಲ್ಪವಾಗಿತ್ತು. ಗಾಯಾಳು ಸೈನಿಕರಿಗಾಗಿ ನಿಧಿ ಸಂಗ್ರಹಿಸುವ ಉದ್ದೇಶವೂ ಅದರ ಹಿಂದಿತ್ತು. ಅಷ್ಟು ದೂರ ಬಂದವರಿಗೆ ಇನ್ನಷ್ಟು ದೂರ ಸಾಗಲು ಏಕೆ ಸಾಧ್ಯವಾಗಲಿಲ್ಲ?

ತೂಕದ ಲೆಕ್ಕಾಚಾರ

ಇಂತಹ ಯಾನದಲ್ಲಿ ಆಹಾರ, ಇಂಧನ, ಗುಡಾರ ಎಲ್ಲವನ್ನೂ ಯಾತ್ರಿಯೇ ಜಾರುಬಂಡಿಯಲ್ಲಿ ಎಳೆದೊಯ್ಯಬೇಕು. ಹೊರಟಾಗ ವರ್ಸ್ಲಿ ಅವರ ಬಂಡಿಯ ತೂಕ ಸುಮಾರು 150 ಕೆ.ಜಿ. ಹೆಚ್ಚು ಆಹಾರ ಹೇರಿದರೆ ಬಂಡಿ ಭಾರವಾಗಿ ವೇಗ ಕುಗ್ಗುತ್ತದೆ. ಕಡಿಮೆ ಹೇರಿದರೆ ಶಕ್ತಿ ಸಾಲದು. ಹೀಗಾಗಿ ದಿನವಿಡೀ ಬಂಡಿ ಎಳೆಯುವ ದೇಹವು ತಿಂದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ. ಈ ಕೊರತೆಯನ್ನು ಮೊದಲು ಕೊಬ್ಬು, ಬಳಿಕ ಸ್ನಾಯುಗಳು ಕರಗಿ ತುಂಬಿಕೊಡುತ್ತವೆ. ಕೊನೆಯ ವಾರಗಳಲ್ಲಿ ಬಂಡಿ ಹಗುರಾಗಿರುತ್ತದೆ ನಿಜ; ಆದರೆ ಎಳೆಯುವವನ ಬಲವೂ ಅಷ್ಟೇ ಕುಗ್ಗಿರುತ್ತದೆ. ಚಳಿ ತಡೆಯುವ ಕೊಬ್ಬೂ ಇರುವುದಿಲ್ಲ. ಕಾಯಿಲೆಯ ಲಕ್ಷಣಗಳು ಬರಿಯ ದಣಿವೆಂದು ತೋರುವ ಅಪಾಯವೂ ಇದೆ.

ಎತ್ತರ ಮತ್ತೊಂದು ಅಡ್ಡಿ. ದಕ್ಷಿಣ ಧ್ರುವಬಿಂದು ಸಮುದ್ರಮಟ್ಟದಿಂದ 2,800 ಮೀಟರ್‌ಗೂ ಮೇಲಿದೆ. ಅಲ್ಲಿಂದ ಮುಂದೆ ವರ್ಸ್ಲಿ ಅವರು ಹಿಡಿದ ಹಾದಿಯಲ್ಲಿ ಹಿಮಪ್ರದೇಶ ಇನ್ನೂ ಎತ್ತರಕ್ಕೇರುತ್ತದೆ. ಆಮ್ಲಜನಕ ವಿರಳವಾಗಿರುವ ಈ ಭಾಗ ಎದುರಾಗುವುದು ದೇಹ ಬಳಲಿದ ಮೇಲೆಯೇ. ಇತ್ತ ಜನವರಿ ಅಂತ್ಯದ ವೇಳೆಗೆ ಅಲ್ಪಾವಧಿಯ ಬೇಸಿಗೆ ಮುಗಿಯತೊಡಗಿ, ಯಾತ್ರಿಗಳನ್ನು ಕರೆತರುವ ವಿಮಾನಗಳ ಹಾರಾಟವೂ ಕೊನೆಗೊಳ್ಳುತ್ತದೆ. ಆಹಾರ, ಆರೋಗ್ಯ, ಕಾಲಾವಕಾಶ ಮೂರೂ ಒಟ್ಟಿಗೆ ಬರಿದಾಗುವುದು ಕೊನೆಯ ಹಂತದಲ್ಲಿಯೇ.

ಹಿಂದಿರುಗುವ ನಿರ್ಧಾರ

ಗುರಿ ಸಮೀಪಿಸಿದಾಗ ನಿಲ್ಲುವುದು ಮನಸ್ಸಿಗೆ ಅತಿ ಕಷ್ಟದ ಕೆಲಸ. ವರ್ಸ್ಲಿ ಅವರ ಆದರ್ಶವಾಗಿದ್ದ ಅರ್ನೆಸ್ಟ್ ಶಾಕಲ್ಟನ್ 1909ರ ಜನವರಿ 9ರಂದು ಧ್ರುವಬಿಂದುವಿಗೆ ಸುಮಾರು 180 ಕಿ.ಮೀ. ದೂರವಿರುವಾಗಲೇ ಹಿಂದಿರುಗಿದರು. ಅವರ ತಂಡದ ನಾಲ್ವರೂ ಬದುಕುಳಿದರು. 1912ರ ಜನವರಿಯಲ್ಲಿ ಧ್ರುವ ಮುಟ್ಟಿದ ರಾಬರ್ಟ್ ಸ್ಕಾಟ್ ಅವರ ಐವರ ತಂಡದಲ್ಲಿ ಯಾರೂ ಮರಳಲಿಲ್ಲ. ಸ್ಕಾಟ್ ಹಾಗೂ ಇಬ್ಬರು ಸಂಗಾತಿಗಳು ಅಸುನೀಗಿದ್ದು ಆಹಾರದ ದಾಸ್ತಾನಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ.

ಭಾರತೀಯ ಮೂಲದ ಬ್ರಿಟಿಷ್ ಸೇನಾಧಿಕಾರಿ ಪ್ರೀತ್ ಚಾಂಡಿ ಅವರದು ಇದೇ ಪ್ರಶ್ನೆಗೆ ದೊರೆತ ಇನ್ನೊಂದು ಉತ್ತರ. 2023ರ ಜನವರಿಯಲ್ಲಿ ಅಂಟಾರ್ಕ್ಟಿಕಾ ದಾಟುವ ಯತ್ನದಲ್ಲಿದ್ದ ಅವರು 70 ದಿನಗಳಲ್ಲಿ ಸುಮಾರು 1,484 ಕಿ.ಮೀ. ಸಾಗಿದ್ದರು. ಸಮಯ ಸಾಲದೆಂಬುದು ಸ್ಪಷ್ಟವಾದಾಗ ದಾಟುವ ಆಸೆಯನ್ನು ಕೈಬಿಟ್ಟರು. ಗುರಿ ಕೈಗೂಡದಿದ್ದರೂ, ಏಕಾಂಗಿಯಾಗಿ ನೆರವಿಲ್ಲದೆ ಸ್ಕೀ ಮೂಲಕ ಕ್ರಮಿಸಿದ ಅತಿ ದೀರ್ಘ ಏಕಮುಖ ಧ್ರುವಯಾನವೆಂದು ಅದು ದಾಖಲಾಯಿತು. ಅದಕ್ಕಿಂತ ಮುಖ್ಯವಾಗಿ, ಅವರು ಕ್ಷೇಮವಾಗಿ ಮನೆಗೆ ಮರಳಿದರು.