ಉತ್ತರದ ಉದ್ದಕಿವಿ ಬಾವಲಿಯ ಸಂರಕ್ಷಣಾ ಸ್ಥಿತಿ

ಪ್ರಾಣಿಪ್ರಭೇದವೊಂದರ ಸಂರಕ್ಷಣಾ ಸ್ಥಿತಿಯನ್ನು ನಿರ್ಣಯಿಸುವಾಗ ಅದರ ಸಂಖ್ಯೆ, ನೆಲೆಯ ವಿಸ್ತಾರ ಮತ್ತು ಕ್ಷೀಣಿಸುತ್ತಿರುವ ವೇಗವನ್ನು ಮುಖ್ಯವಾಗಿ ಗಮನಿಸಲಾಗುತ್ತದೆ. ವಿಶಾಲವಾದ ನೆಲೆಯುಳ್ಳ ಪ್ರಾಣಿಯು ಸುರಕ್ಷಿತವೆಂಬ ಭಾವನೆ ಸಾಮಾನ್ಯವಾಗಿದೆ. ಈ ಭಾವನೆಯನ್ನು ಮರುಪರಿಶೀಲಿಸುವಂತೆ ಮಾಡಿದ ಪ್ರಾಣಿಗಳಲ್ಲಿ ಉತ್ತರ ಅಮೆರಿಕದ ಅರಣ್ಯವಾಸಿಯಾದ ಉದ್ದಕಿವಿ ಬಾವಲಿಯೂ ಒಂದು. ಮಯೋಟಿಸ್ ಸೆಪ್ಟೆಂಟ್ರಿಯೋನಾಲಿಸ್ ಎಂಬುದು ಇದರ ಶಾಸ್ತ್ರೀಯ ನಾಮ. ಅಮೆರಿಕ ಸಂಯುಕ್ತ ಸಂಸ್ಥಾನದ 37 ರಾಜ್ಯಗಳಲ್ಲಿಯೂ ಕೆನಡಾದ ಬಹುತೇಕ ಪ್ರಾಂತಗಳಲ್ಲಿಯೂ ಹರಡಿದ್ದ ಈ ಜೀವಿಯು ಕೆಲವೇ ವರ್ಷಗಳಲ್ಲಿ ಅಳಿವಿನಂಚಿಗೆ ಸರಿಯಿತು.

ಇದು ಐದರಿಂದ ಎಂಟು ಗ್ರಾಂ ತೂಗುವ ಕೀಟಾಹಾರಿ ಸಸ್ತನಿ. ರೆಕ್ಕೆಗಳನ್ನು ಬಿಚ್ಚಿದಾಗ ಅಗಲವು ಸುಮಾರು 25 ಸೆಂಟಿಮೀಟರ್. ತನ್ನ ಕುಲದ ಇತರ ಬಾವಲಿಗಳಿಗಿಂತ ಉದ್ದವಾದ ಕಿವಿಗಳೇ ಇದರ ಗುರುತು. ಹಾರುವ ಕೀಟಗಳನ್ನು ಹಿಡಿಯುವುದರ ಜೊತೆಗೆ ಎಲೆ, ಕೊಂಬೆಗಳ ಮೇಲೆ ಕುಳಿತ ಕೀಟಗಳನ್ನೂ ಇದು ಹೆಕ್ಕಿ ತಿನ್ನುತ್ತದೆ. ಆದುದರಿಂದ ದಟ್ಟವಾದ ಕಾಡಿನ ಒಳಭಾಗವೇ ಇದಕ್ಕೆ ಪ್ರಿಯವಾದ ಬೇಟೆಯ ತಾಣ. ಬೇಸಗೆಯಲ್ಲಿ ಸಡಿಲಗೊಂಡ ಮರದ ತೊಗಟೆಯ ಕೆಳಗೆ ಅಥವಾ ಪೊಟರೆಗಳಲ್ಲಿ ಹೆಣ್ಣುಗಳು ಗುಂಪುಗೂಡಿ ಮರಿಹಾಕುತ್ತವೆ. ಚಳಿಗಾಲದಲ್ಲಿ ಗುಹೆಗಳನ್ನೂ ಪಾಳುಬಿದ್ದ ಗಣಿಗಳನ್ನೂ ಸೇರಿ ದೀರ್ಘನಿದ್ರೆಗೆ ಜಾರುತ್ತವೆ.

ಈ ಬಾವಲಿಯ ಬಗೆಗಿನ ತಿಳಿವು ಬಹುಕಾಲ ಮಿತವಾಗಿದ್ದುದಕ್ಕೆ ಕಾರಣಗಳಿವೆ. 1979ರವರೆಗೆ ಇದನ್ನು ಶಾಂತಸಾಗರದ ತೀರದ ಮತ್ತೊಂದು ಬಾವಲಿಯ ಉಪಪ್ರಭೇದವೆಂದೇ ಎಣಿಸಲಾಗಿತ್ತು. ಅಲ್ಲದೆ, ಚಳಿಗಾಲದಲ್ಲಿ ಇದು ಗುಹೆಯ ಬಂಡೆಬಿರುಕುಗಳೊಳಗೆ ಒಂಟಿಯಾಗಿಯೋ ಕೆಲವೇ ಸಂಗಾತಿಗಳೊಡನೆಯೋ ಹುದುಗಿರುತ್ತದೆ. ಗುಹೆಯ ಚಾವಣಿಯಲ್ಲಿ ಸಾವಿರಗಟ್ಟಲೆ ಜೋತುಬೀಳುವ ಬಾವಲಿಗಳನ್ನು ಎಣಿಸಿದಂತೆ ಇದನ್ನು ಎಣಿಸಲಾಗದು. ಒಟ್ಟು ಸಂಖ್ಯೆ ತಿಳಿಯದಿದ್ದಾಗ ನಷ್ಟದ ಪ್ರಮಾಣವನ್ನು ಅಳೆಯುವುದೂ ಕಷ್ಟವೇ ಸರಿ.

ವಿಪತ್ತಿನ ಮೊದಲ ಸೂಚನೆ ದೊರೆತದ್ದು 2006ರಲ್ಲಿ. ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ, ನಿದ್ರಿಸುತ್ತಿದ್ದ ಬಾವಲಿಗಳ ಮೂತಿಯ ಮೇಲೆ ಬಿಳಿಯ ಬೂಷ್ಟು ಕಾಣಿಸಿತು. ಬಿಳಿಮೂಗಿನ ರೋಗವೆಂದು ಹೆಸರಾದ ಈ ಪಿಡುಗಿಗೆ ತಂಪನ್ನು ಬಯಸುವ ಒಂದು ಶಿಲೀಂಧ್ರವೇ ಕಾರಣವೆಂಬುದು ಮುಂದೆ ಖಚಿತವಾಯಿತು. ಯುರೋಪು ಮತ್ತು ಏಷ್ಯಾದ ಬಾವಲಿಗಳಲ್ಲಿಯೂ ಈ ಶಿಲೀಂಧ್ರವಿದೆ. ಆದರೆ ಅಲ್ಲಿ ಅದು ಸಾಮೂಹಿಕ ಮರಣವನ್ನು ಉಂಟುಮಾಡಿಲ್ಲ. ಉತ್ತರ ಅಮೆರಿಕದ ಪ್ರಭೇದಗಳಿಗಾದರೋ ಅದು ಹೊಸ ಶತ್ರು.

ರೋಗದ ಕ್ರಮವು ಬಾವಲಿಯ ದೀರ್ಘನಿದ್ರೆಯೊಡನೆ ಹೆಣೆದುಕೊಂಡಿದೆ. ನಿದ್ರೆಯಲ್ಲಿ ಬಾವಲಿಯ ದೇಹದ ಉಷ್ಣತೆ ಗುಹೆಯ ಉಷ್ಣತೆಯ ಸಮೀಪಕ್ಕೆ ಇಳಿಯುತ್ತದೆ, ರೋಗನಿರೋಧಕ ಶಕ್ತಿಯೂ ಕುಂದಿರುತ್ತದೆ. ಈ ಸ್ಥಿತಿ ಶಿಲೀಂಧ್ರಕ್ಕೆ ಅನುಕೂಲ. ಅದು ಮೂತಿ, ಕಿವಿ ಮತ್ತು ರೆಕ್ಕೆಗಳ ಚರ್ಮವನ್ನು ಹೊಕ್ಕು ಬೆಳೆಯುತ್ತದೆ. ಬಾವಲಿಯು ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ. ಪ್ರತಿಯೊಂದು ಎಚ್ಚರವೂ ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸುತ್ತದೆ. ಕೀಟಗಳೇ ಇಲ್ಲದ ನಡುಚಳಿಗಾಲದಲ್ಲಿ ಮೇವನ್ನರಸಿ ಹೊರಬಂದ ಬಾವಲಿಯು ಹಸಿವಿನಿಂದ ಸಾಯುತ್ತದೆ. ಉದ್ದಕಿವಿ ಬಾವಲಿಯು ನಿದ್ರೆಗಾಗಿ ಹೆಚ್ಚು ತೇವವುಳ್ಳ ಬಿರುಕುಗಳನ್ನು ಆರಿಸಿಕೊಳ್ಳುವುದರಿಂದ ಶಿಲೀಂಧ್ರಕ್ಕೆ ಇನ್ನಷ್ಟು ಅನುಕೂಲವಾಗುತ್ತದೆ. ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯ ಅಂದಾಜಿನಂತೆ, ಈ ಪ್ರಭೇದದ ನೆಲೆಯ ಸುಮಾರು 79 ಪ್ರತಿಶತ ಭಾಗದಲ್ಲಿ ಅದರ ಸಂಖ್ಯೆ ಶೇಕಡ 97ರಿಂದ 100ರಷ್ಟು ಕುಸಿದಿದೆ.

ಈ ಕುಸಿತವನ್ನು ಅಧಿಕೃತ ಪಟ್ಟಿಗಳು ಹೇಗೆ ಗುರುತಿಸಿದವು ಎಂಬುದು ವಿಚಾರಾರ್ಹ. ಕೆನಡಾ 2014ರಲ್ಲಿ ಇದನ್ನು ಅಳಿವಿನಂಚಿನ ಪ್ರಭೇದವೆಂದು ಘೋಷಿಸಿತು. ಅಮೆರಿಕದಲ್ಲಿ 2013ರಲ್ಲಿಯೇ ಅಂತಹ ಪ್ರಸ್ತಾವವಿದ್ದರೂ, 2015ರಲ್ಲಿ ಒಂದು ಮೆಟ್ಟಿಲು ಕೆಳಗಿನ 'ಅಪಾಯಕ್ಕೊಳಗಾದ' ಎಂಬ ವರ್ಗವಷ್ಟೇ ದೊರೆಯಿತು. 2020ರಲ್ಲಿ ನ್ಯಾಯಾಲಯವೊಂದು ಈ ನಿರ್ಣಯವನ್ನು ಮರುಪರಿಶೀಲಿಸುವಂತೆ ಆದೇಶಿಸಿತು. 2022ರ ನವೆಂಬರಿನಲ್ಲಿ ಬಾವಲಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಆ ಆದೇಶವು 2023ರ ಮಾರ್ಚ್ 31ರಂದು ಜಾರಿಗೆ ಬಂದಿತು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯು 2008ರಲ್ಲಿ ಇದನ್ನು ಕನಿಷ್ಠ ಕಾಳಜಿಯ ವರ್ಗದಲ್ಲಿರಿಸಿತ್ತು. 2018ರ ಮೌಲ್ಯಮಾಪನದಲ್ಲಿಯೂ ಅದು 'ಅಪಾಯದ ಸಮೀಪದಲ್ಲಿರುವ' ಪ್ರಭೇದವೆಂದಷ್ಟೇ ನಮೂದಾಯಿತು. ಹೀಗೆ ಒಂದೇ ಪ್ರಾಣಿಗೆ ಬೇರೆಬೇರೆ ಪಟ್ಟಿಗಳಲ್ಲಿ ಬೇರೆಬೇರೆ ಸ್ಥಾನ ದೊರೆತಿದೆ. ರೋಗವು ಗುಹೆಯಿಂದ ಗುಹೆಗೆ ಹಬ್ಬಿದ ವೇಗವನ್ನು ಕಾನೂನು ಮತ್ತು ವರ್ಗೀಕರಣಗಳ ಕ್ರಮವು ಸರಿಗಟ್ಟಲಾಗಲಿಲ್ಲ.

ಇಲ್ಲಿ ಮತ್ತೊಂದು ಪ್ರಶ್ನೆ ಏಳುತ್ತದೆ. ಕಾನೂನು ಮರ ಕಡಿಯುವವನನ್ನು ತಡೆಯಬಲ್ಲದು, ಶಿಲೀಂಧ್ರವನ್ನು ತಡೆಯಲಾರದು. 2016ರ ವಿಶೇಷ ನಿಯಮವು ಈ ತರ್ಕವನ್ನೇ ಅನುಸರಿಸಿತು. ಅವನತಿಗೆ ಮುಖ್ಯ ಕಾರಣ ರೋಗವೇ ಹೊರತು ಅರಣ್ಯನಾಶವಲ್ಲವೆಂದು ಭಾವಿಸಿ, ಬಾವಲಿಗಳಿರುವುದು ತಿಳಿದಿದ್ದ ಗುಹೆಗಳ ಸುತ್ತಲಿನ ಕಾಲು ಮೈಲಿಯಲ್ಲಿಯೂ, ಜೂನ್, ಜುಲೈ ತಿಂಗಳುಗಳಲ್ಲಿ ಮರಿಗಳಿರುವ ಮರಗಳ ಆಸುಪಾಸಿನಲ್ಲಿಯೂ ಮಾತ್ರ ಕಡಿತವನ್ನು ನಿರ್ಬಂಧಿಸಿತು. ಮೇಲುನೋಟಕ್ಕೆ ಈ ತರ್ಕ ಸಮಂಜಸವಾಗಿಯೇ ತೋರುತ್ತದೆ. ಆದರೆ ಹೆಣ್ಣು ಬಾವಲಿಯು ವರ್ಷಕ್ಕೆ ಹಾಕುವುದು ಒಂದೇ ಮರಿ. ನೂರರಲ್ಲಿ ಮೂರು ಮಾತ್ರ ಉಳಿದ ಕಡೆ ಹಿಂದಿನ ಸಂಖ್ಯೆಯನ್ನು ಮುಟ್ಟಬೇಕಾದರೆ ಆ ಸಂಖ್ಯೆಯು ಐದಕ್ಕೂ ತುಸು ಹೆಚ್ಚು ಬಾರಿ ಇಮ್ಮಡಿಯಾಗಬೇಕು. ಸಮೃದ್ಧಿಯ ಕಾಲದಲ್ಲಿ ಒಂದು ಮರ ಉರುಳಿದರೆ ಲೆಕ್ಕಕ್ಕೆ ಬಾರದು. ಬದುಕುಳಿದ ಕೆಲವೇ ತಾಯಂದಿರು ಆಶ್ರಯಿಸಿರುವ ಮರದ ಬೆಲೆ ಬೇರೆಯೇ. ಕಾಡಿನ ನಾಶವು ಅವನತಿಯ ಮೂಲಕಾರಣವಲ್ಲದಿದ್ದರೂ ಚೇತರಿಕೆಗೆ ಅಡ್ಡಿಯಾಗಬಲ್ಲದು.

ಮಾರ್ತಾಸ್ ವಿನ್ಯಾರ್ಡ್ ಮತ್ತು ನಾಂಟಕೆಟ್ ದ್ವೀಪಗಳಲ್ಲಿಯೂ ಉತ್ತರ ಕೆರೊಲಿನಾದ ಕರಾವಳಿಯ ಬಯಲಿನಲ್ಲಿಯೂ ಈ ಬಾವಲಿಗಳು ಇನ್ನೂ ಕಂಡುಬರುತ್ತಿವೆ. ಸೌಮ್ಯವಾದ ಚಳಿಗಾಲವುಳ್ಳ ಇಂತಹ ತೀರಪ್ರದೇಶಗಳಲ್ಲಿ ಅವು ದೊಡ್ಡ ಗುಹೆಗಳನ್ನು ಅವಲಂಬಿಸದೆ ಬದುಕುತ್ತಿರುವುದು ಸಂಶೋಧಕರ ಗಮನ ಸೆಳೆದಿದೆ. ಶಿಲೀಂಧ್ರಕ್ಕೆ ಪರಿಹಾರ ದೊರೆಯುವವರೆಗೆ ಈ ಉಳಿದ ನೆಲೆಗಳನ್ನೂ ಅವುಗಳ ಸುತ್ತಲಿನ ಕಾಡನ್ನೂ ಕಾಯುವುದೇ ಸದ್ಯದ ಸಂರಕ್ಷಣೆಯ ತಿರುಳು. ವ್ಯಾಪಕವಾಗಿ ಹರಡಿರುವ ಪ್ರಾಣಿಗಳನ್ನೂ ಅವು ಸಮೃದ್ಧವಾಗಿರುವಾಗಲೇ ಎಣಿಸಿ ದಾಖಲಿಸಬೇಕೆಂಬುದು ಈ ಪ್ರಭೇದದ ಅಧ್ಯಯನದಿಂದ ದೊರೆಯುವ ಮುಖ್ಯ ಪಾಠ.