ಮಗು ಲೋಟ ಕುಟ್ಟಿದರೆ ನೀವೂ ಕುಟ್ಟಿ

ದಮ್ಮಾಮ್‌ನಿಂದ ರಜೆಗೆ ಬಂದ ತಂದೆ ಪೆಟ್ಟಿಗೆ ಬಿಚ್ಚಿ ಚಾಕಲೇಟು, ಗೊಂಬೆ ಹಿಡಿದು ಕರೀತಾರೆ. ಒಂದೂವರೆ ವರ್ಷದ ಮಗು ಉಮ್ಮನ ಹೆಗಲಿಂದ ಇಳಿಯೋದೇ ಇಲ್ಲ. 'ನನ್ನ ಗುರ್ತೇ ಇಲ್ವಲ್ಲ' ಅಂತ ಎಷ್ಟೋ ಮಂದಿ ಒಳಗೊಳಗೇ ನೊಂದುಕೊಳ್ತಾರೆ. ರಜೆಯೋ, ಬೆರಳೆಣಿಕೆಯ ದಿನ.

ಕರೆಯೋದು ಬಿಡಿ. ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತು, ಮಗು ಮಾಡಿದ್ದನ್ನೇ ಮಾಡಿ. ಅದು ಲೋಟ ಕುಟ್ಟಿದರೆ ನೀವೂ ಒಂದು ಲೋಟ ಕುಟ್ಟಿ. ತಲೆ ಓರೆ ಮಾಡಿದರೆ ನೀವೂ ಮಾಡಿ. ನಾಲ್ಕೈದು ಸಲ ಆದ ಮೇಲೆ ಮಗು ನಿಮ್ಮನ್ನೇ ನೋಡ್ತಾ ಬೇಕಂತಲೇ ಮತ್ತೆ ಕುಟ್ಟಬಹುದು, ಇವರು ಮಾಡ್ತಾರಾ ಅಂತ ಪರೀಕ್ಷೆ! ಸ್ವೀಡನ್‌ನ ಲುಂಡ್ ವಿಶ್ವವಿದ್ಯಾನಿಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6 ತಿಂಗಳ ಕೂಸುಗಳು ತಮ್ಮನ್ನು ಅನುಕರಿಸಿದವರನ್ನು ಹೆಚ್ಚು ಹೊತ್ತು ನೋಡಿದವು, ಹೆಚ್ಚು ನಕ್ಕವು. ನಮ್ಮ ಅಜ್ಜಿಯಂದಿರಿಗೆ ಇದು ಮೊದಲೇ ಗೊತ್ತಿತ್ತು ಅನ್ನಿ.

ಅಳುವಾಗ ಮಾತ್ರ ಹಾಗೆ ಮಾಡಬೇಡಿ, ಅದು ಗೇಲಿ ಆಗ್ತದೆ. ಮುಖ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಿ. ವಾಪಸ್ ಹೋದ ಮೇಲೂ ವಿಡಿಯೊ ಕಾಲ್‌ನಲ್ಲಿ 'ಊಟ ಆಯ್ತಾ' ಎಂದು ಕೇಳುವ ಮೊದಲು ಮಗುವಿನ ಮುಖ ನೋಡಿ. ಅದು ಕೆನ್ನೆ ಊದಿಸಿದರೆ ನೀವೂ ಊದಿಸಿ.