ಮಳೆಗಾಲಕ್ಕೆ ನಿಲ್ಲಿಸಿದ ಹಿಟಾಚಿ: ನಂಬಿಕೆ ಏನು, ಸತ್ಯ ಏನು?

ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಿನ ದಿನವಾದ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕಲ್ಲಡ್ಕ, ಮಾಣಿ, ವಿಟ್ಲದ ಕಡೆ ಗುಡ್ಡ ಅಗೆಯುವ ಕೆಲಸ ಕಡಿಮೆಯಾಗುತ್ತದೆ. ಚೈನಿನ ಮೇಲೆ ಓಡುವ ಹಿಟಾಚಿಗಳು ತೋಟದ ಮೂಲೆಯಲ್ಲೋ ರಸ್ತೆ ಬದಿಯಲ್ಲೋ ವಾರಗಟ್ಟಲೆ ನಿಲ್ಲುತ್ತವೆ. ದುಡಿದರೆ ಮಾತ್ರ ಯಂತ್ರ ಸವೆಯುತ್ತದೆ, ನಿಂತರೆ ಅದಕ್ಕೆ ವಿಶ್ರಾಂತಿ ಎಂದು ಹಲವರು ನಂಬಿದ್ದಾರೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಆ ನಂಬಿಕೆ ದುಬಾರಿ.

"ಚೈನಿಗೆ ಗ್ರೀಸ್ ಬಳಿದಿಟ್ರೆ ತುಕ್ಕು ಹಿಡಿಯುವುದಿಲ್ಲ ಮಾರಾಯ್ರೆ" ಎನ್ನುವವರಿದ್ದಾರೆ. ಈಗಿನ ಬಹುತೇಕ ಯಂತ್ರಗಳಲ್ಲಿ ಪಿನ್ನು, ಬುಷ್‌ಗಳ ನಡುವಿನ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ಸೀಲ್ ಮಾಡಿರುತ್ತಾರೆ. ಹೊರಗೆ ಬಳಿದದ್ದಕ್ಕೆ ಮುರಕಲ್ಲಿನ ಪುಡಿ ಅಂಟಿ, ಯಂತ್ರ ಓಡಿದಾಗ ಉಪ್ಪುಕಾಗದದಂತೆ ಉಜ್ಜುತ್ತದೆ.

ಚೈನ್ ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂಬುದು ಇನ್ನೂ ದೊಡ್ಡ ತಪ್ಪು ಕಲ್ಪನೆ. ಸಡಿಲವಾದರೆ ಚೈನ್ ಕಳಚುವ ಭಯವಿದೆ, ನಿಜ. ಆದರೆ ಬಿಗಿ ಹೆಚ್ಚಾದರೆ ಬುಷ್, ಸ್ಪ್ರಾಕೆಟ್, ಐಡ್ಲರ್ ಮೂರೂ ಬೇಗ ಸವೆಯುತ್ತವೆ, ಡೀಸೆಲೂ ಹೆಚ್ಚು ಸುಡುತ್ತದೆ. ಕೆಸರಿನಲ್ಲಂತೂ ಸ್ಪ್ರಾಕೆಟ್ ಹಲ್ಲುಗಳ ಸಂದಿಗೆ ಮಣ್ಣು ತುಂಬಿ ಚೈನ್ ತಾನಾಗಿಯೇ ಬಿಗಿಯುತ್ತದೆ. ಅದಕ್ಕೇ ಕೆಸರು ಗದ್ದೆಗೆ ಇಳಿಸುವಾಗ ಕೈಪಿಡಿಯ ಮಿತಿಯೊಳಗೆ ತುಸು ಸಡಿಲ ಬಿಡಬೇಕು. ಸಡಿಲ ಮಾಡುವಾಗ ಜಾಗ್ರತೆ ಬೇಕೇ ಬೇಕು. ಚೈನ್ ಬಿಗಿ ಮಾಡುವ ಸಿಲಿಂಡರಿನೊಳಗಿನ ಗ್ರೀಸ್ ಚರ್ಮವನ್ನೇ ಸೀಳಿ ಒಳನುಗ್ಗುವಷ್ಟು ಒತ್ತಡದಲ್ಲಿರುತ್ತದೆ. ಅದರ ವಾಲ್ವಿನ ಎದುರು ಮುಖ, ಕೈ ಇಡಬಾರದು. ವಾಲ್ವನ್ನು ನಿಧಾನವಾಗಿ ತಿರುಗಿಸಬೇಕು, ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಲೂಬಾರದು. ಹುಡುಗರ ಕೈಗೆ ಸ್ಪ್ಯಾನರ್ ಕೊಟ್ಟು ಕಳಿಸುವ ಕೆಲಸ ಇದಲ್ಲ.

ಮಣ್ಣನ್ನು ಮಳೆಯೇ ತೊಳೆಯುತ್ತದೆ ಎಂದು ಹಾಗೇ ಬಿಡುವುದೂ ಉಂಟು. ರೋಲರಿನ ಹಿಂದೆ ಸಿಕ್ಕಿದ ಕೆಂಪು ಮಣ್ಣು ಮಳೆಗೆ ಜಗ್ಗುವುದಿಲ್ಲ. ಅದು ತೇವ ಹಿಡಿದು ಕಬ್ಬಿಣವನ್ನು ತಿನ್ನುತ್ತದೆ, ಬಿಸಿಲು ಬಿದ್ದಾಗ ಗಟ್ಟಿಯಾಗಿ ರೋಲರನ್ನೇ ತಿರುಗದಂತೆ ಹಿಡಿಯುತ್ತದೆ. ಅಂಟಾರ್ಕ್ಟಿಕಾದ ಮೈತ್ರಿ ನೆಲೆಯಲ್ಲಿ ನಮ್ಮ ದೇಶದ ತಂಡಗಳು ಓಡಿಸುವ ಪಿಸ್ಟನ್‌ಬುಲ್ಲಿಯಂಥ ಹಿಮವಾಹನಗಳಿಗೂ ಇದೇ ಬಗೆಯ ಕಾಟ: ಹಿಮ ಹೆಪ್ಪುಗಟ್ಟಿ ಚೈನ್ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಹಿಮವಿರಲಿ ಕೆಸರಿರಲಿ, ಚೈನಿನೊಳಗೆ ಸಿಕ್ಕಿದ್ದನ್ನು ಅಂದೇ ಕೆರೆದು ತೆಗೆದು, ಗಟ್ಟಿ ನೆಲದಲ್ಲಿ ಹಲಗೆಗಳ ಮೇಲೆ ನಿಲ್ಲಿಸಬೇಕು.

ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಹೊರಹೋಗುವುದಿಲ್ಲ. ಗಾಳಿಯಾಡಲು ಕೆಳಗೆ ಜಾಗ ಬಿಡಿ. ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಬಿಟ್ಟರೆ ಒಳಗಿನ ಗಾಳಿಯ ತೇವ ನೀರಾಗಿ ಕೂರುತ್ತದೆ. ಗ್ರೀಸ್ ಬಳಿಯಲೇಬೇಕೆಂದಿದ್ದರೆ ಅದರ ಜಾಗ ಹೈಡ್ರಾಲಿಕ್ ಸಿಲಿಂಡರುಗಳ ಹೊಳೆಯುವ ರಾಡು. ಅಲ್ಲಿ ತುಕ್ಕಿನ ಒಂದು ಚುಕ್ಕೆ ಎದ್ದರೂ ಆಯಿಲ್ ಸೀಲ್ ಹರಿದು ಎಣ್ಣೆ ಸೋರಲು ಶುರು. ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡಿದರೆ ಪ್ರಯೋಜನವಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗ್ರೀಸ್ ಒರೆಸಿ, ಬೂಮ್, ಬಕೆಟ್ ಆಡಿಸಿ, ಯಂತ್ರವನ್ನು ನಾಲ್ಕು ಮಾರು ಹಿಂದೆ ಮುಂದೆ ಓಡಿಸಿ, ರಾಡಿಗೆ ಮತ್ತೆ ಗ್ರೀಸ್ ಬಳಿದು ನಿಲ್ಲಿಸಿ.